ಕಡ್ಡಿ ಥರ ಇದ್ರೆ ಹಾರ್ಟ್ ಸೇಫಾ? (ಭಾಗ 4)

"ನಿಂಗೇನಪ್ಪ, ಕಡ್ಡಿ ಥರ ಇದ್ದೀಯ, ಇನ್ನೊಂದು ದೋಸೆ ಹೇಳು." ಗಾಂಧಿ ಬಜಾರ್‌ನಲ್ಲಿ ದಿನಾ ಕಿವಿಗೆ ಬೀಳೋ ಮಾತು. ಅದೇ ಟೇಬಲ್‌ನಲ್ಲಿ ಸ್ವಲ್ಪ ದಪ್ಪ ಇರೋರಿಗೆ, "ನೀನು ಸಾಕು ಮಾಡು, ಜಿಮ್ ಸೇರು." ಎರಡೂ ಪ್ರೀತಿಯಿಂದ ಹೇಳಿದ್ದೇ. ಆದ್ರೆ ಎರಡೂ ತಪ್ಪು ಲೆಕ್ಕ ಅನ್ನೋದು ನನ್ನ ವಾದ.

ಬಿಕಾಂ ಭಾಷೇಲಿ ಹೇಳ್ತೀನಿ. ಟರ್ನೋವರ್ ಒಂದನ್ನೇ ನೋಡಿ "ಕಂಪನಿ ಗಟ್ಟಿಯಾಗಿದೆ" ಅಂತ ಬರೆದ್ರೆ ಮಾರ್ಕ್ಸ್ ಬರುತ್ತಾ? ಸಾಲ ಎಷ್ಟಿದೆ ಅಂತಲೂ ನೋಡ್ಬೇಕು. ತೂಕ ಅನ್ನೋದು ಟರ್ನೋವರ್. ಹೊಟ್ಟೆಯ ಒಳಗೆ, ಲಿವರ್ ಹತ್ತಿರ ಸೇರ್ಕೊಂಡಿರೋ ಕೊಬ್ಬು ಸಾಲ. ಅದು ಜಾಸ್ತಿ ಆದಷ್ಟೂ ಇನ್ಸುಲಿನ್ ಕೆಲಸ ಕೆಡುತ್ತೆ. ಶುಗರ್, ಬಿಪಿ, ಟ್ರೈಗ್ಲಿಸರೈಡ್ ಸದ್ದಿಲ್ಲದೆ ಏರುತ್ತೆ. ತೂಕದ ಯಂತ್ರಕ್ಕೆ ಇದ್ಯಾವುದೂ ಗೊತ್ತಾಗಲ್ಲ.

2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ಡಾಕ್ಟರ್‌ಗಳ ಫೋಟೋ ಬಂತು: ಪುಣೆಯ ಯಾಜ್ಞಿಕ್, ಬ್ರಿಟನ್ನಿನ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ದೇಹದ ಕೊಬ್ಬು ಮಾತ್ರ ಮ್ಯಾರಥಾನ್ ಓಡೋ ಯುಡ್ಕಿನ್‌ಗೆ 9.1%, ನಮ್ಮ ಯಾಜ್ಞಿಕ್ ಅವರಿಗೆ 21.2%! ವ್ಯಾಯಾಮ ಒಂದೇ ಕಾರಣ ಅಲ್ಲ, ಹುಟ್ಟಿನಿಂದಲೇ ಬರೋ ವ್ಯತ್ಯಾಸವೂ ಇರುತ್ತೆ. ಅದಕ್ಕೇ ಭಾರತೀಯರಿಗೆ ಗೆರೆ ಕೆಳಗಿದೆ: ಬಿಎಂಐ 23 ದಾಟಿದ್ರೆ ಹೆಚ್ಚು ತೂಕ, 25ರಿಂದ ಬೊಜ್ಜು. ಹೊಟ್ಟೆ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

ಇನ್ನು ದಪ್ಪ ಇರೋ ಫ್ರೆಂಡ್ ವಿಷಯ. ತಿಂಗಳು ಪೂರ್ತಿ ಕೃಷ್ಣರಾವ್ ಪಾರ್ಕ್ ಸುತ್ತಿ ಒಂದು ಕೆಜಿಯೂ ಇಳೀಲಿಲ್ಲ ಅಂತ ಬಿಟ್ಟುಬಿಡ್ತಾರೆ. ಬಿಡಬೇಡಿ! ನಡೆಯುವಾಗ ಸ್ನಾಯುಗಳು ರಕ್ತದಿಂದ ಸಕ್ಕರೆ ಎಳ್ಕೊಳ್ಳುತ್ತೆ. ತೂಕ ಇಳೀದಿದ್ರೂ ಬಿಪಿ, ಇನ್ಸುಲಿನ್ ಎರಡಕ್ಕೂ ಲಾಭ ಇದೆ. ಹಾಗಂತ ತೂಕಕ್ಕೆ ಬೆಲೆನೇ ಇಲ್ಲ ಅಂತಲ್ಲ. ಜಾಸ್ತಿ ತೂಕ ಇರೋರು ಅದರಲ್ಲಿ 5ರಿಂದ 10% ಇಳಿಸಿದ್ರೂ ಶುಗರ್, ಬಿಪಿ ಸುಧಾರಿಸುತ್ತೆ. ಆದ್ರೆ ಗೇಲಿ ಮಾಡಿದ್ರೆ ಯಾರೂ ನಡೆಯಲ್ಲ, ಮನೆಯಿಂದ ಹೊರಗೆ ಬರೋದನ್ನೇ ನಿಲ್ಲಿಸ್ತಾರೆ.

"ಅಪ್ಪು ಅಷ್ಟು ಫಿಟ್ ಇದ್ರಲ್ಲ?" ಅಂತ ಕೇಳ್ತೀರ, ಗೊತ್ತು. 2021ರ ಅಕ್ಟೋಬರ್ 29, ಪುನೀತ್ ಅವರಿಗೆ 46 ವರ್ಷ. ಆಮೇಲೆ ಜಯದೇವ ಆಸ್ಪತ್ರೆ ಮುಂದೆ ಕ್ಯೂ, ಜಿಮ್ ಅಂದ್ರೆ ಭಯ. 2025ರಲ್ಲಿ ಹಾಸನದ ಸುದ್ದಿ ಬಂದಾಗ ಮತ್ತೆ ಅದೇ ಕ್ಯೂ. ಭಯ ಹೋದ್ಮೇಲೆ? ಮತ್ತೆ ಅದೇ ಸೋಫಾ, ಅದೇ ಫೋನ್. ಒಂದು ಸಾವಿನಿಂದ ವ್ಯಾಯಾಮ ಕೆಟ್ಟದ್ದು ಅಂತ ತೀರ್ಮಾನ ಮಾಡಕ್ಕಾಗಲ್ಲ. ಹೊರಗಿನ ಫಿಟ್‌ನೆಸ್ ಒಳಗಿನದನ್ನೆಲ್ಲ ತೋರಿಸಲ್ಲ, ಅಷ್ಟು ಮಾತ್ರ ಹೇಳಬಹುದು. ಭಯಕ್ಕೆ ಮಾಡಿಸಿದ ಒಂದು ಇಸಿಜಿಯೂ ನಿಮ್ಮ ಶುಗರ್, ಕೊಲೆಸ್ಟ್ರಾಲ್ ಹೇಳಲ್ಲ.

ನಮಗೆ 20 ವರ್ಷ. ಸಾಲ ಶುರುವಾಗೋ ವಯಸ್ಸೂ ಇದೇ, ತಡೆಯೋಕೆ ಸುಲಭವಾದ ವಯಸ್ಸೂ ಇದೇ. ಹಾಗಾಗಿ ಮಾಡೋದಿಷ್ಟು:

👉 ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ಅಂದ್ರೆ ಐದು ದಿನ ಅರ್ಧ ಗಂಟೆ. ಲಾಲ್‌ಬಾಗ್ ಆಗ್ಲಿ, ಸ್ಯಾಂಕಿ ಕೆರೆ ಆಗ್ಲಿ.
👉 ಎರಡು ದಿನ ಬಸ್ಕಿ, ದಂಡ. ಜಿಮ್ ಫೀಸ್ ಬೇಕಾಗಿಲ್ಲ.
👉 ಬಿಪಿ ಒಮ್ಮೆ ನೋಡಿಸಿ. ಮನೇಲಿ ಯಾರಿಗಾದ್ರೂ ಶುಗರ್ ಇದ್ರೆ, ಚಿಕ್ಕ ವಯಸ್ಸಲ್ಲೇ ಹಾರ್ಟ್ ತೊಂದರೆ ಬಂದಿದ್ರೆ, ಶುಗರ್, ಕೊಲೆಸ್ಟ್ರಾಲ್ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ.
👉 ವ್ಯಾಯಾಮ ಮಾಡುವಾಗ ಎದೆ ನೋವು, ತಲೆ ಸುತ್ತು ಬಂದ್ರೆ ಅಲ್ಲೇ ನಿಲ್ಲಿಸಿ, ತಡ ಮಾಡದೆ ತೋರಿಸಿ.

ಇವತ್ತು ರಾತ್ರಿ ಟೈಲರಿಂಗ್ ಟೇಪ್ ಹುಡುಕಿ. ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳ್ಕೊಳ್ದೆ ಅಳತೆ ತಗೊಳ್ಳಿ. ಅಪ್ಪ ಅಮ್ಮಂದೂ ಅಳೀರಿ. ನಂಬರ್ ಕಾಮೆಂಟಲ್ಲಿ ಹಾಕೋದು ಬೇಡ, "ಅಳೆದೆ" ಅಂತ ಹಾಕಿ ಸಾಕು. ದಪ್ಪ, ಸಣ್ಣ ಅಂತ ಯಾರಾದ್ರೂ ಕಾಲೆಳೆದ್ರೆ ಡಿಲೀಟ್ ಮಾಡ್ತೀನಿ 🙂