ಬಾಣಂತನವಲ್ಲದ ಬಾಣಂತನ



ಬಾಣಂತಿಯ ಪಥ್ಯ, ಮಕ್ಕಳ ಕೆಮ್ಮು, ಹಿರಿಯರ ಮಂಡಿನೋವು ಇವುಗಳ ಕುರಿತು ಈ ಪುಟದಲ್ಲಿ ನಾವು ಬರೆದದ್ದುಂಟು. ಈ ಸಲದ ವಿಷಯಕ್ಕೆ ಕೈಹಾಕುವ ಮೊದಲು ಮಾತ್ರ ಲೇಖನಿ ತುಸು ಅಳುಕಿತು. ಗಂಡಸರೂ ಓದುವ ಪತ್ರಿಕೆಯಿದು. ಆದರೆ ಅವರು ಓದಲೇಬೇಕಾದ ವಿಷಯವೂ ಇದೇ ಎಂದು ತೋರಿದ್ದರಿಂದ ಬರೆಯುತ್ತಿದ್ದೇವೆ. ಸ್ತನಗಳ ಗಾತ್ರವನ್ನು ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸು ಮನೆಗೆ ಮರಳಿದ ಮೇಲೆ ಮನೆಯವರ ಕರ್ತವ್ಯವೇನು ಎಂಬುದೇ ಆ ವಿಷಯ.

ನಮ್ಮ ತಂಗಿಗೆ ವಯಸ್ಸು 43. ಕಾಸರಗೋಡು ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಅಧ್ಯಾಪಿಕೆ. ದಿನವಿಡೀ ಕರಿಹಲಗೆಯ ಮುಂದೆ ನಿಂತು ಸಂಜೆ ಮನೆಗೆ ಬಂದರೆ ಕುತ್ತಿಗೆಯನ್ನು ತಿರುಗಿಸಲಾಗದಷ್ಟು ನೋವು. ಒಳಉಡುಪಿನ ಪಟ್ಟಿಗಳು ಎರಡೂ ಹೆಗಲಿನಲ್ಲಿ ಗುಳಿ ಕೊರೆದಿದ್ದವು. ಸೆಕೆಗಾಲದಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಸುಲಿಯುತ್ತಿತ್ತು. ವರ್ಷಗಟ್ಟಲೆ ತೈಲ ಹಚ್ಚಿದ್ದಾಯಿತು, ಸೊಂಟಕ್ಕೆ ಪಟ್ಟಿ ಬಿಗಿದದ್ದಾಯಿತು. ತೂಕ ಇಳಿಸಿರೆಂದು ಹೇಳಿದವರ ಮಾತನ್ನೂ ಕೇಳಿ ಆರು ಕಿಲೋ ಇಳಿಸಿದಳು. ಎದೆಯ ಭಾರ ಮಾತ್ರ ಇಳಿಯಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜನರನ್ನು ಕಂಡಳು.

ಆ ಹೆಸರೇ ಮನೆಯಲ್ಲಿ ತೊಡಕಾಯಿತು. "ಈ ವಯಸ್ಸಿನಲ್ಲಿ ನಿನಗೆ ಚೆಂದ ಬೇಕಾಯಿತೇ?" ಎಂದು ನಮ್ಮ ಅಮ್ಮ ಕೇಳಿದರು. ಇದು ನಿನ್ನೆಮೊನ್ನೆ ಹುಟ್ಟಿದ ಶೋಕಿಯಲ್ಲ. ಈಗಲೂ ಬಹಳಷ್ಟು ವೈದ್ಯರು ಅನುಸರಿಸುವ ಗುರುತಿನ ಮಾದರಿಯೊಂದನ್ನು ರಾಬರ್ಟ್ ವೈಸ್ ಎಂಬ ವೈದ್ಯರು ಪ್ರಕಟಿಸಿದ್ದು 1956ರಲ್ಲಿ. ಅಮ್ಮನಿಗೆ ಇದನ್ನೆಲ್ಲ ಹೇಳಿ ಫಲವಿರಲಿಲ್ಲ. ಅವರ ಬಾಯಿ ಕಟ್ಟಿಸಿದ್ದು ಬೇರೆಯೇ ಸಂಗತಿ. ಪೂರ್ಣ ಅರಿವಳಿಕೆ ಕೊಟ್ಟು ಮೂರು ಗಂಟೆಗಳ ಕಾಲ ನಡೆಸಿದ ಚಿಕಿತ್ಸೆಯಲ್ಲಿ ಎರಡೂ ಕಡೆಯಿಂದ ತೆಗೆದ ಭಾಗ ಒಟ್ಟು 1 ಕಿಲೋ 400 ಗ್ರಾಂ ಇತ್ತು. "ಸುಲಿದ ತೆಂಗಿನಕಾಯಿ ಮೂರು ಆಯಿತಲ್ಲ! ಅಷ್ಟನ್ನು ಕೊರಳಿಗೆ ಕಟ್ಟಿಕೊಂಡು ಪಾಠ ಹೇಳುತ್ತಿದ್ದಳೇ ಇವಳು?" ಎಂದರು. ಅಲ್ಲಿಂದ ಮುಂದೆ ಚೆಂದದ ಮಾತು ಬರಲಿಲ್ಲ. ತೆಗೆದ ಭಾಗವನ್ನು ಪರೀಕ್ಷೆಗೆ ಕಳುಹಿಸಿ ದೋಷವೇನೂ ಇಲ್ಲವೆಂಬ ವರದಿಯನ್ನು ಪಡೆದದ್ದು ಇನ್ನೊಂದು ನೆಮ್ಮದಿ.

ಮೂರನೆಯ ದಿನ ಕಾರಿನಲ್ಲಿ ಕರೆತಂದೆವು. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರು. ಸೀಟಿನ ಪಟ್ಟಿ ಎದೆಗೆ ಒತ್ತದಂತೆ ನಡುವೆ ಸಣ್ಣ ದಿಂಬನ್ನಿರಿಸಿದೆವು. ತಲಪಾಡಿ ದಾಟುವಾಗ 2020ರ ಮಾರ್ಚ್ ತಿಂಗಳು ನೆನಪಾಯಿತು. ಅಂದು ಆ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡನ್ನು ಮರೆಯುವುದುಂಟೇ? ಆದಕಾರಣ ಚಿಕಿತ್ಸೆಯ ವಿವರವಿರುವ ಆಸ್ಪತ್ರೆಯ ಕಾಗದದ ಪ್ರತಿಯೊಂದನ್ನು ಮನೆಯ ಹತ್ತಿರದ ವೈದ್ಯರಿಗೂ ಮೊದಲೇ ಕೊಟ್ಟಿರಿಸಿದೆವು. ಗಡಿಯಾಚೆಗೆ ಚಿಕಿತ್ಸೆಗೆ ಹೋಗುವ ಎಲ್ಲರೂ ಇಷ್ಟನ್ನು ಮಾಡಬೇಕು.

ಮನೆಯಲ್ಲಿ ಅಮ್ಮ ಬಾಣಂತಿಯ ಕೋಣೆಯನ್ನೇ ಸಜ್ಜುಗೊಳಿಸಿದ್ದರು. ಎಣ್ಣೆ ಕಾದಿತ್ತು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಸೊಂಟಕ್ಕೆ ಕಟ್ಟುವ ಹಳೆಯ ಸೀರೆ ಮಡಿಸಿ ಸಿದ್ಧವಾಗಿತ್ತು. ಅವರ ಅಕ್ಕರೆ ದೊಡ್ಡದು. ಆದರೆ ಇದು ಬಾಣಂತನವಲ್ಲ. ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಮೊಲೆತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಕ್ಕೆ ಒಂದು, ಬುಡದ ಮಡಿಕೆಯುದ್ದಕ್ಕೆ ಒಂದು, ಹೀಗೆ ಹಡಗಿನ ಲಂಗರಿನಂತೆ ಹೊಲಿಗೆಗಳಿರುತ್ತವೆ. ಹಸಿ ಗಾಯಕ್ಕೆ ಎಣ್ಣೆಯನ್ನಾಗಲಿ ಅರಿಶಿನವನ್ನಾಗಲಿ ಸೋಕಿಸಬಾರದು. ಸ್ನಾನ ವೈದ್ಯರು ಹೇಳಿದ ದಿನದಿಂದಲೇ, ಅದೂ ಹದವಾದ ನೀರಿನಲ್ಲಿ. ಮರಗಟ್ಟಿದ ಚರ್ಮಕ್ಕೆ ಸುಡುವ ನೀರಿನ ಅರಿವಾಗದು. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಕ್ರಮವನ್ನಂತೂ ಇಲ್ಲಿ ತರಲೇಬಾರದು. ನೋವಿನ ಮಾತ್ರೆಗಳಿಂದ ಮಲಬದ್ಧತೆ ಬರಬಹುದು. ನೀರು, ಸೊಪ್ಪು, ಹಣ್ಣು ಧಾರಾಳವಾಗಿರಲಿ. ಕುಚ್ಚಲಕ್ಕಿ ಗಂಜಿಯ ವಿಚಾರದಲ್ಲಿ ಮಾತ್ರ ಅಮ್ಮನೇ ಗೆದ್ದರು.

ಮಲಗುವುದು ಅಂಗಾತ, ಬೆನ್ನ ಹಿಂದೆ ಎರಡು ಮೂರು ದಿಂಬುಗಳ ಒತ್ತು ಕೊಟ್ಟು. ಬಿಗಿಯಾದ, ತಂತಿಯಿಲ್ಲದ, ಮುಂದೆ ಗುಂಡಿಯಿರುವ ಒಳಉಡುಪನ್ನು ಹಗಲು ರಾತ್ರಿ ಧರಿಸಬೇಕು. ಹಾಗೆಂದು ದಿನವೆಲ್ಲ ಮಲಗಿರುವುದೂ ಸಲ್ಲದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಮೊದಲ ದಿನದಿಂದಲೇ ಜಗಲಿಯಲ್ಲಿ ಸ್ವಲ್ಪ ಸ್ವಲ್ಪ ನಡೆದಾಡಬೇಕು.

ಕಷ್ಟವಿರುವುದು ಕೈಗಳ ವಿಷಯದಲ್ಲಿ. ನಾಲ್ಕರಿಂದ ಆರು ವಾರ ಭಾರ ಎತ್ತಬಾರದು, ಮೊದಲ ಕೆಲವು ವಾರ ತೋಳನ್ನು ಹೆಗಲಿಗಿಂತ ಮೇಲೆ ಚಾಚಬಾರದು ಎಂದು ವೈದ್ಯರು ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮ ಅಡುಗೆಮನೆಗಳನ್ನು ಅವರು ಕಂಡಿದ್ದಾರೆಯೇ? ಹೆರೆಮಣೆಯಲ್ಲಿ ಕೂತು ಕಾಯಿ ತುರಿಯುವುದಕ್ಕೆ ಎದೆಯ ಸ್ನಾಯುಗಳೇ ಬೇಕು. ದೋಸೆ ಹಿಟ್ಟಿನ ಪಾತ್ರೆ, ಬಾವಿಯ ಹಗ್ಗ, ಅಟ್ಟದ ಮೇಲಿನ ಡಬ್ಬಿ, ಒದ್ದೆ ಬಟ್ಟೆಯ ಬಕೆಟು, ಇವೆಲ್ಲವೂ ಆಕೆಗೆ ನಿಷಿದ್ಧ. ತಲೆ ಬಾಚುವುದಕ್ಕೂ ಇನ್ನೊಬ್ಬರು ಬೇಕು. ತಂಗಿಯ ಯಜಮಾನರು ಕಾಯಿ ತುರಿಯಲು ಕಲಿತರು. ಮೊದಲ ದಿನ ಬೆರಳನ್ನೂ ತುರಿದುಕೊಂಡರು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡಬೇಕು. ಆರನೆಯ ದಿನ ಸಂಜೆ ಬಿಸಿನೀರಿನ ಚರಿಗೆಯನ್ನು ಇಳಿಸಿಕೊಡಿ ಎಂದು ಅವಳು ಕರೆದಳು. "ಬಂದೆ" ಎಂದವರು ನಾವು ಅಂಗಳದಲ್ಲಿ ಅಡಕೆ ವ್ಯಾಪಾರಿಯೊಡನೆ ಧಾರಣೆಯ ಮಾತಿಗೆ ನಿಂತೆವು. ಎರಡನೆಯ ಸಲ ಕರೆಯಲು ಅವಳಿಗೆ ಸಂಕೋಚ. ತಾನೇ ಇಳಿಸಿದಳು. ರಾತ್ರಿ ಒಂಬತ್ತರ ಹೊತ್ತಿಗೆ ಬಲಗಡೆ ಮಾತ್ರ ಕಲ್ಲಿನಂತೆ ಊದಿ ನೋವು ಏರಿತು. ಮಂಗಳೂರಿಗೆ ಫೋನು ಮಾಡಿ ಆ ರಾತ್ರಿಯೇ ಹೊರಟೆವು. ಒಳಗೆ ರಕ್ತ ಸೇರಿತ್ತು. ವೈದ್ಯರು ಅದನ್ನು ಹೊರತೆಗೆದರು. ದಾರಿಯುದ್ದಕ್ಕೂ ಅವಳು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಒಂದೇ ಕಡೆ ಹಠಾತ್ತನೆ ಊತ, ಜ್ವರ, ಹರಡುವ ಕೆಂಪು, ಕೀವು, ಮೊಲೆತೊಟ್ಟು ಕಪ್ಪಾಗುವುದು, ಇವು ಕಂಡರೆ ಬೆಳಗಾಗಲೆಂದು ಕಾಯಕೂಡದು. ಮೀನಖಂಡದಲ್ಲಿ ನೋವು ಅಥವಾ ಊತ, ಉಸಿರಾಟದ ತೊಂದರೆ ಇವುಗಳಿದ್ದರೆ ಹತ್ತಿರದ ಆಸ್ಪತ್ರೆಗೇ ಓಡಬೇಕು. ಆದರೆ ಲಂಗರಿನ ಗೆರೆಗಳು ಕೂಡುವ ಬಿಂದುವಿನಲ್ಲಿ ಹೊಲಿಗೆ ತುಸು ಬಿಟ್ಟುಕೊಳ್ಳುವುದು ಅಪರೂಪವಲ್ಲ. ವೈದ್ಯರಿಗೆ ತೋರಿಸಿ ಪಟ್ಟಿ ಬದಲಿಸುತ್ತಿದ್ದರೆ ಸಾಮಾನ್ಯವಾಗಿ ನಿಧಾನವಾಗಿ ಕೂಡಿಕೊಳ್ಳುತ್ತದೆ.

ಅಡಕೆಯ ನಾಡಿನವರಾದ ನಾವು ಇನ್ನೊಂದನ್ನು ಹೇಳಲೇಬೇಕು. ಎಲೆಯಡಕೆಯೊಂದಿಗೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಚಿಕಿತ್ಸೆಗೆ ಕೆಲವು ವಾರ ಮೊದಲೇ ಬಿಟ್ಟು, ಗಾಯ ಮಾಯುವವರೆಗೂ ಮುಟ್ಟಬಾರದು. ಅದರ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ಗಾಯಕ್ಕೆ ರಕ್ತ ತಲುಪದು. ಸೇದುವವರಷ್ಟೇ ಇದಕ್ಕೆ ಗುರಿಯೆಂಬುದು ತಪ್ಪು ತಿಳಿವಳಿಕೆ.

ಇನ್ನು ನೋಡಬಂದವರ ಪ್ರಕರಣ. ಏನು ಕಾಯಿಲೆಯೆಂದು ಕೇಳಿದವರಿಗೆ "ಒಂದು ಸಣ್ಣ ಆಪರೇಶನ್" ಎಂದಷ್ಟೇ ಅಮ್ಮ ಹೇಳುತ್ತಿದ್ದರು. ಎದೆಯದೆಂಬುದು ಹೇಗೋ ತಿಳಿಯಿತು. ಉಳಿದುದನ್ನು ಊರೇ ಪೂರ್ತಿಗೊಳಿಸಿತು. ಮೂರನೆಯ ವಾರದಲ್ಲಿ ದೂರದ ಅತ್ತೆಯೊಬ್ಬರು ಕ್ಯಾನ್ಸರೆಂದು ನಂಬಿ ಅಂಗಳದಿಂದಲೇ ಅಳುತ್ತ ಬಂದರು. ತಂಗಿಯ ಮಗಳು ಅದನ್ನು ಕೇಳಿ ಬೆಚ್ಚಿದಳು. ದೊಡ್ಡವರು ತನ್ನಿಂದ ಮರೆಮಾಚುತ್ತಿದ್ದಾರೆಂದೇ ಅವಳ ಎಣಿಕೆ. ಅಂದು ರಾತ್ರಿ ತಂಗಿಯೇ ಮಗಳನ್ನು ಹತ್ತಿರ ಕೂರಿಸಿಕೊಂಡು, ಪರೀಕ್ಷೆಯ ವರದಿಯನ್ನು ಅವಳಿಂದಲೇ ಓದಿಸಿದಳು. ಮರುದಿನದಿಂದ ಅಮ್ಮ ಬಂದವರಿಗೆಲ್ಲ ಇದ್ದುದನ್ನು ಇದ್ದಂತೆ, ಮೂರು ತೆಂಗಿನಕಾಯಿಗಳ ಸಹಿತ ಹೇಳತೊಡಗಿದರು. ಹಾಗೆ ಹೇಳಿದ ಮೇಲೆ ಇಬ್ಬರು ಹೆಂಗಸರು ತಂಗಿಯ ಕೋಣೆಗೆ ಮತ್ತೆ ಬಂದು ಬಾಗಿಲು ಮುಂದೆಮಾಡಿ ತಮ್ಮ ಹೆಗಲನ್ನು ತೋರಿಸಿದರಂತೆ.

ಐದನೆಯ ವಾರದಲ್ಲಿ ವೈದ್ಯರ ಒಪ್ಪಿಗೆ ಪಡೆದು ತಂಗಿ ಶಾಲೆಗೆ ಹೋದಳು. ಪುಸ್ತಕದ ಹೊರೆಯನ್ನು ಮಕ್ಕಳೇ ಹೊತ್ತರು. ಎರಡನೆಯ ತಿಂಗಳಲ್ಲಿ ಆಗಾಗ ಮಿಂಚು ಹೊಡೆದಂತೆ ಚುಚ್ಚುತ್ತಿತ್ತು. ನರಗಳು ಚೇತರಿಸುವಾಗ ಹೀಗಾಗುವುದುಂಟು. ತೊಟ್ಟಿನ ಸ್ಪರ್ಶಜ್ಞಾನ ಮರಳಲು ತಿಂಗಳುಗಳೇ ಹಿಡಿಯಬಹುದು, ಕೆಲವರಿಗೆ ಪೂರ್ತಿಯಾಗಿ ಮರಳದು. ಹಾಲೂಡಿಸುವ ಶಕ್ತಿಯೂ ಕುಂದಬಹುದಾದ್ದರಿಂದ ಮುಂದೆ ಮಕ್ಕಳನ್ನು ಪಡೆಯಬೇಕೆಂದಿರುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು. ಹೊಲಿಗೆಯ ಗುರುತುಗಳು ಕೆಂಪಾಗಿದ್ದು ಮಾಸಲು ಒಂದು ವರ್ಷವಾದರೂ ಬೇಕು.

ಊತ ಇಳಿಯಲು ಕೆಲವು ತಿಂಗಳು ಹಿಡಿಯುವುದರಿಂದ ಹೊಸ ಕುಪ್ಪಸಗಳ ಅಳತೆಯನ್ನು ಬೇಗನೆ ಕೊಡಲಿಲ್ಲ. ನಾಲ್ಕನೆಯ ತಿಂಗಳು ಮುಗಿದ ಮೇಲೆ ಹೊಲಿಯುವಾಕೆಯಲ್ಲಿಗೆ ನಾವೇ ಜೊತೆಗೆ ಹೋದೆವು. ಆಕೆ ತನ್ನ ಹಳೆಯ ಪುಸ್ತಕದಲ್ಲಿದ್ದ ಅಳತೆಯನ್ನು ನೋಡಿ, ಟೇಪನ್ನು ಇನ್ನೊಮ್ಮೆ ಹಿಡಿದು, ಏನೂ ಕೇಳದೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡಳು.