ಆಡಿದವರ ಹೆಸರೆಲ್ಲಿ?

ಜಿಲ್ಲಾ ಕೇಂದ್ರದ ಸಣ್ಣ ಪತ್ರಿಕೆಯಲ್ಲಿ ‘ಕ್ರೀಡಾ ಸಂಪಾದಕ’ ಎಂಬ ಹುದ್ದೆ ಕೇಳುವುದಕ್ಕೆ ದೊಡ್ಡದಾಗಿರುತ್ತದೆ. ಆ ವಿಭಾಗದಲ್ಲಿ ಇರುವವನು ಒಬ್ಬನೇ ಆದ್ದರಿಂದ ವರದಿಗಾರ, ಅನುವಾದಕ, ಕರಡು ತಿದ್ದುವವ ಎಲ್ಲವೂ ಅವನೇ. ಮಧ್ಯ ಕರ್ನಾಟಕದ ಅಂಥದೊಂದು ಪತ್ರಿಕೆಯಲ್ಲಿ ನಾನು ಹನ್ನೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಸುದ್ದಿಸಂಸ್ಥೆಯಿಂದ ಬಂದ ಇಂಗ್ಲಿಷ್ ಕ್ರಿಕೆಟ್ ವರದಿಯನ್ನು ಕನ್ನಡಕ್ಕೆ ತರುವುದು, ತಾಲ್ಲೂಕು ಮಟ್ಟದ ಕೊಕ್ಕೊ ಫಲಿತಾಂಶವನ್ನು ದೂರವಾಣಿಯಲ್ಲಿ ಬರೆದುಕೊಳ್ಳುವುದು, ರಾತ್ರಿ ಎಂಟು ಗಂಟೆಗೆ ಬಂದ ಶ್ರದ್ಧಾಂಜಲಿ ಜಾಹೀರಾತಿಗೆ ಅರ್ಧ ಪುಟ ಬಿಟ್ಟುಕೊಡುವುದು, ಹೀಗೆ ದಿನಚರಿ ಸಾಗುತ್ತಿತ್ತು. ಈ ಅನುಭವದಿಂದ ನನ್ನಲ್ಲಿ ದೃಢವಾದ ಅಭಿಪ್ರಾಯ ಒಂದೇ: ಸಣ್ಣ ಊರಿನ ಕ್ರೀಡಾಪುಟದ ಮೊದಲ ಕರ್ತವ್ಯ, ಆಡಿದವರ ಹೆಸರನ್ನು ಸರಿಯಾಗಿ ಅಚ್ಚು ಹಾಕುವುದು. ಮಾತು ಸರಳವಾಗಿದೆ; ಆದರೆ ಆಚರಣೆಗೆ ಬರುವುದು ಅಪರೂಪ.

ನಮ್ಮ ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಪತ್ರಿಕಾ ಪ್ರಕಟಣೆಯನ್ನು ನೋಡಿದವರಿಗೆ ಇದರ ಕಾರಣ ತಿಳಿಯುತ್ತದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಬಹುಮಾನ ಪ್ರಾಯೋಜಿಸಿದವರು, ‘ಉಪಸ್ಥಿತರಿದ್ದ’ ಹದಿನೈದು ಗಣ್ಯರು, ನಿರೂಪಿಸಿದವರು, ವಂದಿಸಿದವರು ಎಲ್ಲರೂ ಹೆಸರು ಸಮೇತ ಅದರಲ್ಲಿ ಇರುತ್ತಾರೆ. ಕೊನೆಯ ಸಾಲಿನಲ್ಲಿ ಮಾತ್ರ ಇಂಥ ಊರಿನ ತಂಡ ಪ್ರಥಮ, ಇಂಥ ಊರಿನ ತಂಡ ದ್ವಿತೀಯ ಎಂದಿರುತ್ತದೆ. ಅಂಕಗಳೆಷ್ಟು, ಸೋಲುತ್ತಿದ್ದ ಪಂದ್ಯವನ್ನು ಕೊನೆಯ ರೈಡ್‌ನಲ್ಲಿ ತಿರುಗಿಸಿದ ಹುಡುಗ ಯಾರು ಎಂಬುದಿರುವುದಿಲ್ಲ. ಶೀರ್ಷಿಕೆಯೂ ಸಿದ್ಧವಾಗಿಯೇ ಬರುತ್ತದೆ: ‘ಕ್ರೀಡೆಯಿಂದ ದೈಹಿಕ, ಮಾನಸಿಕ ಸದೃಢತೆ ಸಾಧ್ಯ: ಶಾಸಕರ ಅಭಿಮತ’. ಶಾಸಕರು ಬದಲಾದದ್ದನ್ನು ಕಂಡಿದ್ದೇನೆ. ಈ ಶೀರ್ಷಿಕೆ ಬದಲಾದದ್ದನ್ನು ಕಂಡಿಲ್ಲ.

ಹೆಸರು ಬೇಕಾದರೆ ನಾವೇ ಹುಡುಕಬೇಕು. ರಾತ್ರಿ ದೈಹಿಕ ಶಿಕ್ಷಕರ ಮನೆಗೆ ಫೋನ್ ಮಾಡಬೇಕು; ಒಂದೇ ತಂಡದಲ್ಲಿ ಮೂವರು ಮಂಜುನಾಥರಿದ್ದರೆ ಅವರ ಇನಿಷಿಯಲ್ ಕೇಳಿ ಬರೆದುಕೊಳ್ಳಬೇಕು. ಹೀಗೆ ಗಣ್ಯರ ಪಟ್ಟಿಯನ್ನು ಮೊಟಕುಗೊಳಿಸಿ ಏಳು ಆಟಗಾರರ ಹೆಸರು ಹಾಕಿದ ಒಂದು ವರದಿಗೆ ಸಂಘಟಕರೊಬ್ಬರು ಕಚೇರಿಗೇ ಬಂದು ಆಕ್ಷೇಪಿಸಿದರು. ‘ದುಡ್ಡು ಕೊಟ್ಟವರನ್ನು ಬಿಟ್ಟಿರಲ್ಲ ಸ್ವಾಮಿ, ಮುಂದಿನ ವರ್ಷ ಪಂದ್ಯ ನಡೆಸುವುದು ಹೇಗೆ?’ ಎಂಬುದು ಅವರ ಪ್ರಶ್ನೆ. ಅದನ್ನು ತಳ್ಳಿಹಾಕುವಂತಿಲ್ಲ. ಮೈದಾನದ ಬೆಳಕು, ಶಾಮಿಯಾನ, ನಾಲ್ಕು ತಾಲ್ಲೂಕುಗಳಿಂದ ಬಂದ ತಂಡಗಳ ಊಟ, ಯಾವುದೂ ಪುಕ್ಕಟೆಯಲ್ಲ. ದಾನಿಗಳ ಹೆಸರಿಗೂ ಜಾಗವಿರಲಿ. ಆದರೆ ದಾನಿಗೆ ಫ್ಲೆಕ್ಸ್ ಇದೆ, ವೇದಿಕೆಯಿದೆ, ಹಾರ, ಶಾಲು ಇವೆ. ಆಡಿದ ಹುಡುಗನಿಗೆ ಪತ್ರಿಕೆಯ ಆ ಒಂದು ಸಾಲನ್ನು ಬಿಟ್ಟರೆ ಬೇರೇನಿದೆ?

ಆ ಒಂದು ಸಾಲಿನ ಬೆಲೆಯನ್ನು ಮಹಾನಗರದ ಓದುಗರು ಸುಲಭವಾಗಿ ಊಹಿಸಲಾರರು. ನಮ್ಮ ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ನಡೆಯುತ್ತವೆ. ಬಹುಪಾಲು ಮಕ್ಕಳ ಆಟ ಎರಡನೆಯ ಅಥವಾ ಮೂರನೆಯ ಮೆಟ್ಟಿಲಿನಲ್ಲಿಯೇ ಮುಗಿಯುತ್ತದೆ. ಸರ್ಕಾರಿ ಕಚೇರಿಯಲ್ಲಿ ನಡೆಯುವುದು ಪ್ರಮಾಣಪತ್ರವೇ ಹೊರತು ಪತ್ರಿಕೆಯ ತುಣುಕಲ್ಲ, ನಿಜ. ಆದರೆ ಮನೆಯೊಳಗೆ ಲೆಕ್ಕಾಚಾರ ಬೇರೆ. ಹೆಣ್ಣುಮಗಳೊಬ್ಬಳು ವಿಭಾಗ ಮಟ್ಟದ ಪಂದ್ಯಕ್ಕೆ ಎರಡು ದಿನ ಪರ ಊರಿಗೆ ಹೋಗಬೇಕಾದಾಗ ಒಪ್ಪಿಗೆ ಕೊಡಬೇಕಾದವರು ಅಪ್ಪ ಮತ್ತು ಅಜ್ಜಿ. ಮಗಳ ಹೆಸರು, ಇನಿಷಿಯಲ್ ಸಹಿತ, ಊರಿನ ಹೋಟೆಲಿನಲ್ಲಿ ನಾಲ್ವರು ಓದಿದ ಪತ್ರಿಕೆಯಲ್ಲಿದ್ದರೆ ಆ ಒಪ್ಪಿಗೆ ಸ್ವಲ್ಪ ಸುಲಭವಾಗುತ್ತದೆ. ‘ನಾಳೆ ತಪ್ಪದೆ ಹಾಕಿ ಸಾರ್, ಮನೆಯಲ್ಲಿ ತೋರಿಸಬೇಕು’ ಎಂದು ದೈಹಿಕ ಶಿಕ್ಷಕರು ಕೇಳಿಕೊಳ್ಳುತ್ತಿದ್ದುದರ ಅರ್ಥ ನನಗೆ ಕ್ರಮೇಣ ತಿಳಿಯಿತು.

ಸಣ್ಣ ಊರಿನ ಕ್ರೀಡೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ದೊಡ್ಡ ಸಾಧಕರ ಕಡೆ ಬೆರಳು ತೋರಿಸುತ್ತಾರೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದ ಸುನಿಲ್ ಜೋಶಿ ಗದಗಿನವರು. ಹುಡುಗನಾಗಿದ್ದಾಗ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಓಡಾಡಿದವರು. ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ವಿನಯ್ ಕುಮಾರ್ ಅವರನ್ನು ಕ್ರಿಕೆಟ್ ಲೋಕ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಕರೆಯಿತು. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್‌ನ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು.

ಈ ಉದಾಹರಣೆಗಳು ಹೆಮ್ಮೆ ತರುವಂಥವು. ಆದರೂ ಇಷ್ಟರಿಂದಲೇ ನನ್ನ ವಾದ ಪೂರ್ಣವಾಗುವುದಿಲ್ಲ. ಮೇಲೇರಿದವರನ್ನು ಜಗತ್ತೇ ದಾಖಲಿಸುತ್ತದೆ. ಅವರ ಪಕ್ಕದಲ್ಲಿ ಆಡಿ, ಗಾಯಗೊಂಡೋ, ಹೊಲದ ಕೆಲಸಕ್ಕೆ ಹಿಂದಿರುಗಿಯೋ, ಮದುವೆಯಾಗಿಯೋ ಮೈದಾನ ಬಿಟ್ಟವರನ್ನು ದಾಖಲಿಸುವವರು ಯಾರು? ಜಾತ್ರೆಯ ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದ ಪೈಲ್ವಾನನಿಗೆ ಕಡಗ ಸಾಲದ ಪಾಲಾದ ಮೇಲೆ ಉಳಿಯುವುದು ಪತ್ರಿಕೆಯ ಹಳದಿಗಟ್ಟಿದ ತುಣುಕೊಂದೇ. ಕ್ರೀಡಾಪುಟ ಇರಬೇಕಾದದ್ದು ಮುಖ್ಯವಾಗಿ ಇಂಥವರಿಗಾಗಿ.

ಈ ಪುಟವೇ ಈಗ ಸೊರಗುತ್ತಿದೆ. 2020ರ ಕೋವಿಡ್ ಕಾಲದಲ್ಲಿ ಜಾಹೀರಾತು ಕುಸಿದಾಗ ಪತ್ರಿಕೆಗಳು ಪುಟಗಳನ್ನು ಕಡಿಮೆ ಮಾಡಿದವು. ನಮ್ಮಲ್ಲಿ ಮೊದಲು ಕತ್ತರಿ ಬಿದ್ದದ್ದು ಸ್ಥಳೀಯ ಕ್ರೀಡೆಗೆ. ಉಳಿದ ಜಾಗವನ್ನು ಭಾರತ ತಂಡದ ಕ್ರಿಕೆಟ್ ತುಂಬಿತು. ಇದರಲ್ಲಿ ಒಂದು ವಿಚಿತ್ರವಿದೆ. ಕ್ರಿಕೆಟ್ ಪಂದ್ಯವನ್ನು ಓದುಗ ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ನೋಡಿರುತ್ತಾನೆ. ಬೆಳಗಿನ ಪತ್ರಿಕೆ ಅವನಿಗೆ ಹೊಸದೇನನ್ನೂ ಹೇಳುವುದಿಲ್ಲ. ಅವನು ಬೇರೆಲ್ಲೂ ಓದಲಾರದ ಸುದ್ದಿಯೆಂದರೆ ಪಕ್ಕದ ಹೋಬಳಿಯ ವಾಲಿಬಾಲ್ ಫಲಿತಾಂಶ. ನಾವು ಅದನ್ನೇ ಕೈಬಿಟ್ಟೆವು. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ದೂರದ ರೈಡರ್‌ಗಳ ಹೆಸರು ನಮ್ಮ ಮಕ್ಕಳ ಬಾಯಲ್ಲಿದೆ. ತಮ್ಮದೇ ಊರಿನ ಮಣ್ಣಿನ ಅಂಕಣದಲ್ಲಿ ಆಡಿದ ಹಿರಿಯರ ಹೆಸರು ಅವರಿಗೆ ತಿಳಿಯದು.

ವಾಟ್ಸ್ಆ್ಯಪ್ ಗುಂಪುಗಳಿವೆಯಲ್ಲ, ಯೂಟ್ಯೂಬ್ ನೇರಪ್ರಸಾರವಿದೆಯಲ್ಲ ಎಂದು ಕೇಳುವವರುಂಟು. ಅವುಗಳಿಂದ ಆಟ ಹೆಚ್ಚು ಜನರನ್ನು ತಲುಪಿದೆ, ಸಂತೋಷ. ಆದರೆ ಗುಂಪಿನಲ್ಲಿ ಬರುವ ಚಿತ್ರದ ಅಡಿಯಲ್ಲಿ ಹೆಸರಿರುವುದಿಲ್ಲ; ಫೋನ್ ಬದಲಾದರೆ ಚಿತ್ರವೂ ಇರುವುದಿಲ್ಲ. ಹತ್ತು ವರ್ಷಗಳ ಹಿಂದಿನ ತಾಲ್ಲೂಕು ಕ್ರೀಡಾಕೂಟದ ಫಲಿತಾಂಶವನ್ನು ಅಲ್ಲಿ ಹುಡುಕಿ ತೆಗೆಯುವುದು ಸಾಧ್ಯವೇ?

ಪರಿಹಾರಕ್ಕೆ ಹೆಚ್ಚು ಹಣ ಬೇಕಿಲ್ಲ. ಸಂಘಟಕರು ಪತ್ರಿಕಾ ಪ್ರಕಟಣೆಯೊಂದಿಗೆ ಅಂಕಪಟ್ಟಿಯನ್ನೂ ಆಟಗಾರರ ಪೂರ್ಣ ಹೆಸರುಗಳನ್ನೂ ಕೊಡಲಿ. ಶಿಕ್ಷಣ ಇಲಾಖೆ ಮತ್ತು ಕ್ರೀಡಾ ಇಲಾಖೆಗಳು ತಾಲ್ಲೂಕು ಮಟ್ಟದಿಂದಲೇ ಫಲಿತಾಂಶಗಳನ್ನು ಹೆಸರು ಸಹಿತ ಪ್ರಕಟಿಸಿ ಕಾಯ್ದಿಡಲಿ. ಜಿಲ್ಲಾ ಗ್ರಂಥಾಲಯಗಳು ಸ್ಥಳೀಯ ಪತ್ರಿಕೆಗಳನ್ನು ರದ್ದಿಗೆ ಹಾಕದೆ ಬೈಂಡ್ ಮಾಡಿಸಿ ಇಡಲಿ. ಪತ್ರಿಕೆಯ ಮಾಲೀಕರು ದಿನಕ್ಕೆ ಅರ್ಧ ಪುಟವನ್ನಾದರೂ ಜಿಲ್ಲೆಯ ಆಟಕ್ಕೆ ಮೀಸಲಿಟ್ಟರೆ, ಆ ಪುಟಕ್ಕಾಗಿ ಪತ್ರಿಕೆ ಕೊಳ್ಳುವ ಮನೆಗಳು ಪ್ರತಿ ಹಳ್ಳಿಯಲ್ಲೂ ಸಿಗುತ್ತವೆ. ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಶಾಲಾ ಕ್ರೀಡಾಕೂಟಗಳು ನಡೆಯುವಾಗ ‘ನಮ್ಮ ಹುಡುಗಿಯ ಹೆಸರು ಬಂದಿದೆಯಾ?’ ಎಂದು ಬೆಳಿಗ್ಗೆ ಆರು ಗಂಟೆಗೇ ಏಜೆಂಟರ ಬಳಿ ಬಂದು ವಿಚಾರಿಸುವ ತಂದೆ-ತಾಯಿಯರು ಈಗಲೂ ಇದ್ದಾರೆ. ಅವರಿಗೆ ‘ಬಂದಿದೆ’ ಎಂದು ಉತ್ತರಿಸುವ ಶಕ್ತಿಯನ್ನಾದರೂ ನಮ್ಮ ಸಣ್ಣ ಪತ್ರಿಕೆಗಳು ಉಳಿಸಿಕೊಳ್ಳಬೇಕು.