ಎಂಜಿನ್‌ಗಾಗಿ ಕಾದ ತೇಜಸ್



ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ಗೆ 73 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳ ಗುತ್ತಿಗೆ 2021ರ ಫೆಬ್ರವರಿಯಲ್ಲೇ ದೊರೆತಿದ್ದರೂ, ಅವುಗಳಿಗೆ ಬೇಕಾದ ಎಫ್-404 ಎಂಜಿನ್‌ಗಳಿಗೆ ಅಮೆರಿಕದ ಜಿಇ ಕಂಪನಿಯೊಂದನ್ನೇ ನೆಚ್ಚಬೇಕಾಗಿದ್ದರಿಂದ, ಮೊದಲ ಎಂಜಿನ್ ಹಸ್ತಾಂತರವಾಗುವ ಹೊತ್ತಿಗೆ 2025ರ ಮಾರ್ಚ್ ಬಂದಿತ್ತು. ವಿಮಾನವೊಂದರ ಎಂಜಿನ್ ಬದಲಿಸುವುದು ಸುಲಭವಲ್ಲ, ನಿಜ. ಆದರೆ ಉಳಿದ ನೂರಾರು ಬಿಡಿಭಾಗಗಳಿಗಾದರೂ ಎರಡನೆಯ ಪೂರೈಕೆದಾರರನ್ನು ಬೆಳೆಸಲು ಅಡ್ಡಿಯೇನಿಲ್ಲ. ಅದಕ್ಕೆ ಖರೀದಿಯ ಕ್ರಮ ಬದಲಾಗಬೇಕು: ಎಲ್-1 ಪದ್ಧತಿ, ಅಂದರೆ ತಾಂತ್ರಿಕವಾಗಿ ಅರ್ಹರಾದವರಲ್ಲಿ ಅತಿ ಕಡಿಮೆ ಬೆಲೆ ನಮೂದಿಸಿದವರಿಗೇ ಗುತ್ತಿಗೆ ನೀಡುವ ಕ್ರಮ, ಕಚೇರಿಯ ಕುರ್ಚಿಗಳಿಗೆ ಸರಿಹೋದೀತೇ ಹೊರತು, ಪೂರೈಕೆಯ ಭದ್ರತೆಗೂ ಬೆಲೆ ಕಟ್ಟಬೇಕಾದ ಯುದ್ಧಸಾಮಗ್ರಿಗೆ ಹೊಂದುವುದಿಲ್ಲ. ಅದರ ಬದಲು, ಸಣ್ಣ ಸಂಖ್ಯೆಯಲ್ಲಿ ಕೊಂಡು, ಬಳಸಿದ ಸೈನಿಕರ ಅನುಭವಕ್ಕೆ ತಕ್ಕಂತೆ ವಿನ್ಯಾಸವನ್ನು ತಿದ್ದಿ, ಮರಳಿ ಕೊಳ್ಳುವ ಹಂತಹಂತದ ಗುತ್ತಿಗೆಗಳನ್ನು ರಕ್ಷಣಾ ಸಚಿವಾಲಯವು, ಮುಖ್ಯವಾಗಿ ತಂತ್ರಜ್ಞಾನ ಬೇಗ ಹಳತಾಗುವ ಡ್ರೋನ್‌ಗಳ ವಿಷಯದಲ್ಲಿ, ರೂಢಿಯಾಗಿಸಬೇಕು.

— ಓದುಗರೊಬ್ಬರು, ಬೆಂಗಳೂರು